ಮೊದಲು ಕಿಟಕಿಯಲ್ಲಿ, ಆಮೇಲೆ ಟೀವಿಯಲ್ಲಿ

ಗೋವಾದ ವಾಸ್ಕೋದಲ್ಲಿ ನಮ್ಮ ಮನೆಯಿರುವುದು ತಿಲಕ್ ಮೈದಾನದ ಬೆನ್ನಿಗೆ. ಬಾಡಿಗೆಗೆ ಹಿಡಿಯುವಾಗ ದಲ್ಲಾಳಿ 'ಫುಟ್‌ಬಾಲ್ ಮ್ಯಾಚು ಬಿಟ್ಟಿ' ಎಂದು ಆಸೆ ಹುಟ್ಟಿಸಿದ್ದ. ಅವನು ಹೇಳಿದ್ದು ಸುಳ್ಳಲ್ಲ, ಆದರೆ ಬಿಟ್ಟಿಯಾಗಿ ಸಿಗುವುದು ನೋಡುವುದಲ್ಲ, ಕೇಳುವುದು. ನಮ್ಮ ಮೂರನೆಯ ಮಹಡಿಯ ಗ್ಯಾಲರಿಯಲ್ಲಿ, ಅಂದರೆ ಬಾಲ್ಕನಿಯಲ್ಲಿ, ಎಷ್ಟು ಬಾಗಿ ನಿಂತರೂ ಅಂಕಣ ಕಾಣುವುದಿಲ್ಲ. ದೀಪದ ಕಂಬಗಳು, ಪ್ರೇಕ್ಷಕರು ಕೂರುವ ಕಡೆಯ ಮಾಡಿನ ಅಂಚು, ಅಷ್ಟೇ. ಹೀಗಾಗಿ ಪಂದ್ಯವಿದ್ದ ದಿನ ನಾವು ಟೀವಿ ಹಚ್ಚಿ, ಗ್ಯಾಲರಿಯ ಬಾಗಿಲನ್ನೂ ತೆರೆದಿಟ್ಟು ಕೂರುತ್ತೇವೆ. ಕಣ್ಣಿಗೆ ಟೀವಿ, ಕಿವಿಗೆ ಕಿಟಕಿ.

2020ರ ನವೆಂಬರ್ 27, ಶುಕ್ರವಾರದ ಸಂಜೆ. ಕೊಲ್ಕತ್ತಾದ ಮೋಹನ್ ಬಾಗಾನ್ ಮತ್ತು ಈಸ್ಟ್ ಬೆಂಗಾಲ್ ನಡುವಿನ ಪಂದ್ಯ ನಮ್ಮ ಹಿತ್ತಿಲಿನಲ್ಲಿ. ಇಂಡಿಯನ್ ಸೂಪರ್ ಲೀಗ್ ಎಂಬ ಫುಟ್‌ಬಾಲ್ ಲೀಗಿನಲ್ಲಿ (ಐಎಸ್‌ಎಲ್) ಈ ಎರಡು ತಂಡಗಳು ಮುಖಾಮುಖಿಯಾದದ್ದು ಅದೇ ಮೊದಲು. 1997ರಲ್ಲಿ ಇವೇ ತಂಡಗಳು ಸಾಲ್ಟ್ ಲೇಕ್ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಸೆಮಿಫೈನಲ್ ಆಡಿದಾಗ ಒಳಗೆ 1.31 ಲಕ್ಷ ಜನರಿದ್ದರು. ಈಗ ಅದೇ ಜಗಳ, ಕೆಲವೇ ಸಾವಿರ ಜನ ಹಿಡಿಸುವ ವಾಸ್ಕೋದ ಮೈದಾನದಲ್ಲಿ, ಕೊರೊನಾದ ದೆಸೆಯಿಂದ ಗೇಟಿಗೆ ಬೀಗ ಹಾಕಿಕೊಂಡು. ವಿರಾಮದ ನಂತರ ನಾಲ್ಕೈದು ನಿಮಿಷವಾಗಿರಬೇಕು. ಕಿಟಕಿಯಿಂದ ಚೆಂಡಿಗೆ ಒದ್ದ ಒಂದು ದಪ್ಪ ಸದ್ದು ಬಂತು, ಅದರ ಹಿಂದೆಯೇ ಹದಿನೈದಿಪ್ಪತ್ತು ಗಂಡಸರ 'ಹೋ' ಎಂಬ ಕೂಗು, ಒಂದಿಷ್ಟು ಚಪ್ಪಾಳೆ, ಮತ್ತೆ ಮೌನ. ಮದುವೆ ಮನೆಯಲ್ಲಿ ಯಾರೋ ಪಾತ್ರೆ ಬೀಳಿಸಿದಾಗ ಏಳುವಷ್ಟು ಗದ್ದಲ. ಟೀವಿಯಲ್ಲಿ ಮಾತ್ರ ಮೋಹನ್ ಬಾಗಾನ್‌ನ ರಾಯ್ ಕೃಷ್ಣ ಇನ್ನೂ ಚೆಂಡಿಗಾಗಿ ಕಾಯುತ್ತಿದ್ದ. ಕೆಲವು ಕ್ಷಣಗಳ ನಂತರ ಅವನು ಗೋಲು ಹೊಡೆದ, ಟೀವಿ ಪೆಟ್ಟಿಗೆಯಿಂದ ಲಕ್ಷ ಜನರ ಕೇಕೆ ಭೋರೆಂದು ಹೊರಬಿತ್ತು.

ಅಕ್ಕಿ ಆರಿಸುತ್ತಿದ್ದ ನಮ್ಮವ್ವ ತಲೆಯೆತ್ತಿ, 'ತಮ್ಮಾ, ಒಳಗೆ ಒಂದು ನರಪಿಳ್ಳೆಯೂ ಇಲ್ಲ ಎಂದಿದ್ದೆಯಲ್ಲ, ಇವರು ಯಾರು ಕೂಗುವವರು?' ಎಂದು ಕೇಳಿದಳು. ಹಳೆಯ ಪಂದ್ಯಗಳ ಗದ್ದಲವನ್ನು ಧ್ವನಿಮುದ್ರಿಸಿಟ್ಟು ಈಗ ಸೇರಿಸುತ್ತಾರೆ ಎಂದು ವಿವರಿಸಿದೆ. ಅವ್ವ ಸ್ವಲ್ಪ ಹೊತ್ತು ಯೋಚಿಸಿ, 'ಸತ್ತ ಮನೆಯಲ್ಲಿ ದುಡ್ಡು ಕೊಟ್ಟು ಅಳುವವರನ್ನು ಕರೆಸುತ್ತಾರಲ್ಲ, ಹಾಗೆ' ಎಂದು ಮತ್ತೆ ಮೊರಕ್ಕೆ ಕೈ ಹಾಕಿದಳು.

ಆ ಎರಡು ಸದ್ದುಗಳ ನಡುವಿನ ಅಂತರ ನನ್ನನ್ನು ಬಿಟ್ಟಿಲ್ಲ. ಮೊದಲು ಕಿಟಕಿಯಲ್ಲಿ ಬಡಕಲು ನಿಜ, ಆಮೇಲೆ ಟೀವಿಯಲ್ಲಿ ದಷ್ಟಪುಷ್ಟ ಸುಳ್ಳು. ಆ ವರ್ಷ ಆಟಗಳು ನಿಂತವು ಎಂದು ನಾವೆಲ್ಲ ಹೇಳುತ್ತೇವೆ. ನಿಜವಾಗಿ ನಿಂತದ್ದು ಯಾವುದು, ಯಾರ ಪಾಲಿಗೆ ಎಂಬುದು ಆ ಗ್ಯಾಲರಿಯಲ್ಲಿ ಕೂತವನಿಗೆ ಬೇರೆಯೇ ಆಗಿ ಕೇಳಿಸುತ್ತದೆ.

ರದ್ದು, ರದ್ದಿ

ನನ್ನ ಮಟ್ಟಿಗೆ ಇದು ಶುರುವಾದದ್ದು ಎರಡು ಟಿಕೆಟ್ಟುಗಳಿಂದ. 2020ರ ಮಾರ್ಚ್ 14ರಂದು ಮಡಗಾಂವ್‌ನ ಫತೋರ್ಡಾ ಕ್ರೀಡಾಂಗಣದಲ್ಲಿ ಐಎಸ್‌ಎಲ್ ಫೈನಲ್. ಗೋವಾ ತಂಡ ಇದ್ದೇ ಇರುತ್ತದೆ ಎಂಬ ಧೈರ್ಯದಲ್ಲಿ ಮುಂಚಿತವಾಗಿ ಕೊಂಡಿದ್ದೆ. ಲೀಗ್ ಹಂತದಲ್ಲಿ ಅಗ್ರಸ್ಥಾನದಲ್ಲಿದ್ದ ತಂಡವದು. ಸೆಮಿಫೈನಲ್‌ನಲ್ಲಿ ಚೆನ್ನೈಯಿನ್ ಎದುರು ಎರಡೂ ಪಂದ್ಯ ಸೇರಿ 5-6ರಿಂದ ಸೋತು ಮೊದಲ ಏಟು ಕೊಟ್ಟಿತು. ಹೋಗಲಿ, ಫೈನಲ್ ಫೈನಲ್ಲೇ ಎಂದುಕೊಂಡರೆ ಎರಡು ದಿನ ಮೊದಲು ಪ್ರೇಕ್ಷಕರಿಗೆ ಪ್ರವೇಶವಿಲ್ಲ ಎಂಬ ಪ್ರಕಟಣೆ ಬಂತು. ಕೊಲ್ಕತ್ತಾದ ಎಟಿಕೆ ತಂಡ 3-1ರಿಂದ ಗೆದ್ದದ್ದನ್ನು ಮನೆಯಲ್ಲೇ ನೋಡಿದೆ. ದುಡ್ಡು ವಾಪಸು ಬಂತು, ಅದರ ಬಗ್ಗೆ ತಕರಾರಿಲ್ಲ. ಆದರೆ ಮುದ್ರಿಸಿಟ್ಟುಕೊಂಡಿದ್ದ ಟಿಕೆಟ್ಟಿನ ಹಾಳೆಗಳು ಹಳೆಯ ಪೇಪರಿನ ಜೊತೆ ರದ್ದಿಗೆ ಹೋದವು. ರದ್ದು, ರದ್ದಿ. ನಮ್ಮ ಕಡೆ ಒಂದು ಸ್ವರದಷ್ಟೇ ವ್ಯತ್ಯಾಸ.

ಮುಂದಿನ ಹತ್ತು ದಿನಗಳಲ್ಲಿ ಜಗತ್ತಿನ ಆಟಗಳೆಲ್ಲ ಹೇಗೆ ಒಂದೊಂದಾಗಿ ಬಾಗಿಲು ಹಾಕಿದವೆಂದು ನಿಮಗೂ ನೆನಪಿರುತ್ತದೆ. ಆದರೆ ಎಲ್ಲರೂ ಒಂದೇ ಪದವನ್ನು ಬಳಸಲಿಲ್ಲ ಎಂಬುದನ್ನು ಗಮನಿಸಿದ್ದೀರಾ? ನಾನು ಮುರಗಾಂವ್ ಬಂದರಿನ ಹಡಗು ಏಜೆಂಟರೊಬ್ಬರ ಕಚೇರಿಯಲ್ಲಿ ಕಾಗದಪತ್ರ ನೋಡಿಕೊಳ್ಳುವವನು. ಕರಾರಿನ ಭಾಷೆಯೇ ನನ್ನ ಅನ್ನ. 'ಮುಂದೂಡಲಾಗಿದೆ' ಮತ್ತು 'ರದ್ದುಪಡಿಸಲಾಗಿದೆ' ಎಂಬ ಎರಡು ಮಾತುಗಳ ನಡುವೆ ಕೆಲವೊಮ್ಮೆ ಕೋಟಿಗಳ ಅಂತರವಿರುತ್ತದೆ ಎಂದು ನನಗೆ ಗೊತ್ತು. ಟೋಕಿಯೋ ಒಲಿಂಪಿಕ್ಸ್ ಮಾರ್ಚ್ 24ರಂದು ಒಂದು ವರ್ಷ ಮುಂದಕ್ಕೆ ಹೋಯಿತು. ಅದಕ್ಕೂ ಹಿಂದೆ 1916, 1940, 1944ರಲ್ಲಿ ಯುದ್ಧದಿಂದ ರದ್ದಾದದ್ದುಂಟು, ಮುಂದೂಡಿದ್ದು ಮಾತ್ರ ಇದೇ ಮೊದಲು. 1940ರ ಕೂಟ ನಡೆಯಬೇಕಿದ್ದದ್ದೂ ಟೋಕಿಯೋದಲ್ಲೇ. ಆ ಊರಿನ ಹಣೆಬರಹ ನೋಡಿ. 2021ರಲ್ಲಿ ನಡೆದರೂ 'ಟೋಕಿಯೋ 2020' ಎಂಬ ಹೆಸರನ್ನೇ ಉಳಿಸಿಕೊಂಡರು. ಹಡಗು ತಡವಾಗಿ ಬಂದರೂ ಕಾಗದದಲ್ಲಿ ಹಳೆಯ ತಾರೀಕನ್ನೇ ಬರೆಯಿರಿ ಎಂದು ದುಂಬಾಲು ಬೀಳುವ ಗಿರಾಕಿಗಳು ನನಗೆ ನೆನಪಾದರು.

ವಿಂಬಲ್ಡನ್‌ನವರು ಮಾತ್ರ ಮೀನಮೇಷ ಎಣಿಸದೆ ಏಪ್ರಿಲ್ 1ರಂದೇ 'ರದ್ದು' ಎಂದುಬಿಟ್ಟರು. ಎರಡನೆಯ ಮಹಾಯುದ್ಧದ ನಂತರ ಮೊದಲ ಸಲ. ಅಷ್ಟು ನಿರಾಳವಾಗಿ ಆ ಪದ ಹೇಳಲು ಅವರಿಗೆ ಬಂದದ್ದು ಎಲ್ಲಿಂದ ಎಂದು ನಮ್ಮ ಕಚೇರಿಯಲ್ಲಿ ಎಲ್ಲರಿಗಿಂತ ಮೊದಲು ಊಹಿಸಿದವನು ವಿಮೆಯ ಕಡತ ನೋಡುವ ಹುಡುಗ: 'ಅಣ್ಣಾ, ಇವರ ಹತ್ತಿರ ಪಾಲಿಸಿ ಇದೆ.' ಇತ್ತು. 2003ರ ಸಾರ್ಸ್ ಹಾವಳಿಯ ನಂತರ ಸಾಂಕ್ರಾಮಿಕ ರೋಗವನ್ನೂ ವಿಮೆಯಲ್ಲಿ ಸೇರಿಸಿಕೊಂಡು ವರ್ಷ ವರ್ಷ ಕಂತು ಕಟ್ಟುತ್ತಾ ಬಂದಿದ್ದರಂತೆ. ಹತ್ತು ಕೋಟಿ ಪೌಂಡಿಗೂ ಮಿಕ್ಕಿದ ಪರಿಹಾರ ಬಂದಿತೆಂದು ಪತ್ರಿಕೆಗಳು ಬರೆದವು. ಅದೇ ವರ್ಷ ಆಡದ ಪಂದ್ಯಾವಳಿಗೆ 620 ಆಟಗಾರರಿಗೆ ಒಟ್ಟು ಒಂದು ಕೋಟಿ ಪೌಂಡ್ ಹಂಚಿದರು. ನಮ್ಮ ರಣಜಿ ಟ್ರೋಫಿ 1934ರಲ್ಲಿ ಶುರುವಾದ ಮೇಲೆ ಯುದ್ಧಕಾಲದಲ್ಲೂ ನಿಲ್ಲದೆ ನಡೆದಿತ್ತು. 2020-21ರ ಋತುವಿನಲ್ಲಿ ಮೊದಲ ಸಲ ನಿಂತಿತು. ಹಿಂದಿನ ಋತುವಿನಲ್ಲಿ ಆಡಿದ್ದವರಿಗೆ ಪಂದ್ಯ ಶುಲ್ಕದ ಅರ್ಧದಷ್ಟು ಪರಿಹಾರ ಕೊಡುವುದಾಗಿ ಮಂಡಳಿ ಪ್ರಕಟಿಸಿದ್ದು 2021ರ ಸೆಪ್ಟೆಂಬರಿನಲ್ಲಿ. ಅಷ್ಟರೊಳಗೆ ಐಪಿಎಲ್ ಒಮ್ಮೆ ಪೂರ್ತಿಯಾಗಿ, ಇನ್ನೊಮ್ಮೆ ಅರ್ಧ ಮುಗಿದಿತ್ತು.

ಇದನ್ನು ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ. ಐಪಿಎಲ್ ದುಬೈಗೆ ಹೋಗಿದ್ದರಿಂದ 2020ರ ಸೆಪ್ಟೆಂಬರಿನ ಸಂಜೆಗಳನ್ನು ನೂಕಿದವರಲ್ಲಿ ನಾನೂ ಒಬ್ಬ. ಅದೇ ವರ್ಷದ ಏಪ್ರಿಲ್‌ನಲ್ಲಿ ಜಗತ್ತೆಲ್ಲ ಬೀಗ ಹಾಕಿಕೊಂಡು ಕೂತಾಗ ಯುರೋಪಿನಲ್ಲಿ ಬೆಲಾರೂಸ್ ಒಂದೇ ತನ್ನ ಫುಟ್‌ಬಾಲ್ ಲೀಗನ್ನು ನಿಲ್ಲಿಸದೆ ಆಡಿಸುತ್ತಿತ್ತು. ಹೆಸರು ಉಚ್ಚರಿಸಲು ಬಾರದ ತಂಡಗಳ ಪಂದ್ಯಗಳನ್ನು ಮೊಬೈಲಿನಲ್ಲಿ ಹುಡುಕಿ ನೋಡಿದ ಮನುಷ್ಯ ಯಾರ ಮೇಲೂ ಕಲ್ಲೆಸೆಯಲಾರ. ಆದರೂ ಯಾವುದಕ್ಕೆ ದಾರಿ ಹುಡುಕಿದರು, ಯಾವುದನ್ನು ದಾರಿಯಲ್ಲೇ ಬಿಟ್ಟರು ಎಂದು ಲೆಕ್ಕ ಹಾಕುವುದು ಗುಮಾಸ್ತನ ಚಾಳಿ.

ಗೇಟಿನ ಹೊರಗಿನವರು

ತಿಲಕ್ ಮೈದಾನದ ಗೇಟಿನ ಪಕ್ಕ ಒಬ್ಬ ಶೇಂಗಾ ಕಾಕಾ ಕೂರುತ್ತಾರೆ. ವಿಜಯಪುರದ ಕಡೆಯವರು, ಗೋವಾಕ್ಕೆ ಬಂದು ಇಪ್ಪತ್ತು ವರ್ಷದ ಮೇಲಾಯಿತು. ಬುಟ್ಟಿ, ಅದರ ನಡುವೆ ಕೆಂಡದ ಮಡಕೆ, ಹಳೆಯ ಮರಾಠಿ ಪೇಪರಿನ ಪೊಟ್ಟಣಗಳು. ದೊಡ್ಡ ಪಂದ್ಯವಿದ್ದರೆ ಬುಟ್ಟಿಯನ್ನು ಕದಂಬ ಬಸ್ಸಿನಲ್ಲಿಟ್ಟುಕೊಂಡು ಫತೋರ್ಡಾಕ್ಕೂ ಹೋಗುತ್ತಾರೆ. ಕನ್ನಡ ಮಾತಾಡಲು ಜನ ಸಿಗುತ್ತಾರೆಂಬ ನೆಪದಲ್ಲಿ ನಾನು ಅವರ ಕಾಯಂ ಗಿರಾಕಿ.

ಕಾಕಾ ಫುಟ್‌ಬಾಲನ್ನು ನೋಡಿದವರಲ್ಲ, ಕೇಳಿದವರು. ವ್ಯಾಪಾರವೆಲ್ಲ ಪಂದ್ಯಕ್ಕೆ ಮೊದಲಿನ ಒಂದು ಗಂಟೆ, ಆಮೇಲೆ ಜನ ಹೊರಬೀಳುವ ಹೊತ್ತು. ನಡುವಿನ ತೊಂಬತ್ತು ನಿಮಿಷ ಬೀದಿ ಖಾಲಿ. ಗೋಡೆಗೆ ಒರಗಿ ಕೆಂಡ ಕೆದಕುತ್ತಾ ಅವರು ಒಳಗಿನ ಸದ್ದನ್ನು ಓದುತ್ತಾರೆ. ಊರಿನ ತಂಡ ಗೋಲು ಹೊಡೆದರೆ ಸದ್ದು ನೆಲದಿಂದ ಏಳುತ್ತದಂತೆ, ಕಟ್ಟೆಗೆ ಒರಗಿದ ಬೆನ್ನಿಗೆ ಗೊತ್ತಾಗುತ್ತದೆ. ಹೊರಗಿನ ತಂಡದ ಗೋಲಾದರೆ ಮೊದಲು ನಿಶ್ಶಬ್ದ, ಆಮೇಲೆ ಯಾವುದೋ ಒಂದು ಮೂಲೆಯಿಂದ ಮಾತ್ರ ಕೂಗು. ಚೆಂಡು ಕಂಬಕ್ಕೆ ಬಡಿದು ಹೋದರೆ 'ಅ' ಎಂದು ಶುರುವಾದದ್ದು 'ಯ್ಯೋ' ಎಂದು ಇಳಿಯುತ್ತದೆ. ರೆಫರಿಗೆ ಬೈಯುವ ಸದ್ದು ಬೇರೆ, ಅದಕ್ಕೆ ಶಿಳ್ಳೆ ಜಾಸ್ತಿ. ಇದೆಲ್ಲ ಅವರಿಗೆ ಹವ್ಯಾಸವಲ್ಲ, ವ್ಯಾಪಾರದ ಲೆಕ್ಕ. ಊರಿನವರು ಎರಡು ಗೋಲಿನಿಂದ ಹಿಂದಿದ್ದರೆ ಜನ ಪಂದ್ಯ ಮುಗಿಯುವ ಮೊದಲೇ, ಮುಖ ಗಂಟಿಕ್ಕಿಕೊಂಡು ಹೊರಟುಬಿಡುತ್ತಾರೆ, ಶೇಂಗಾದ ಕಡೆ ತಿರುಗಿಯೂ ನೋಡುವುದಿಲ್ಲ. ಅಂಥ ದಿನ ಎರಡನೆಯ ಸುತ್ತು ಹುರಿಯುವಂತಿಲ್ಲ. ಸಮಬಲವಾದರೆ ಅರ್ಧ ಹುರಿಯಬೇಕು. ಗೆದ್ದರೆ ಬುಟ್ಟಿ ಖಾಲಿ.

ಬಾಗಿಲು ಮುಚ್ಚಿ ಆಡಿಸಿದ ಆ ಋತುವಿನಲ್ಲಿ ಹನ್ನೊಂದು ತಂಡಗಳು, 115 ಪಂದ್ಯಗಳು, ಎಲ್ಲವೂ ಗೋವಾದಲ್ಲೇ: ಫತೋರ್ಡಾ, ಬಾಂಬೋಳಿ, ನಮ್ಮ ತಿಲಕ್ ಮೈದಾನ. ಬೆಂಗಳೂರಿನ ತಂಡ ಕೂಡ 'ತವರಿನ ಪಂದ್ಯ'ಗಳನ್ನು ಇಲ್ಲಿಯೇ ಆಡಿತು. ಆಟಗಾರರು ಹೋಟೆಲಿನಿಂದ ಮೈದಾನಕ್ಕೆ, ಮೈದಾನದಿಂದ ಹೋಟೆಲಿಗೆ. ವಾಸ್ಕೋದ ಚರಿತ್ರೆಯಲ್ಲಿ ಇಷ್ಟೊಂದು ದೊಡ್ಡ ಪಂದ್ಯಗಳು ಒಟ್ಟಿಗೆ ಬಂದಿರಲಾರವು. ಕಾಕಾನ ಪಾಲಿಗೆ ಅವು ಒಂದೂ ಬರಲಿಲ್ಲ. ಅದಕ್ಕೂ ಮೊದಲು ಜೂನ್‌ನಲ್ಲಿ ವಾಸ್ಕೋದ ಮಂಗೂರ್ ಹಿಲ್ ಗೋವಾದ ಮೊದಲ ಕಂಟೈನ್‌ಮೆಂಟ್ ವಲಯವಾದಾಗ ಅವರ ಮನೆ ಆ ತಗಡಿನ ಬೇಲಿಯ ಒಳಗೇ ಇತ್ತು. ಹೊರಬಂದ ಮೇಲೆ ನಿಂಬೆಹಣ್ಣು, ಕೊತ್ತಂಬರಿ ಮಾರಿದರು. ನವೆಂಬರಿನಲ್ಲಿ ಒಂದು ಸಂಜೆ ಅಭ್ಯಾಸಬಲದಿಂದ ಗೇಟಿನ ಹತ್ತಿರ ಬಂದು ಕೂತವರನ್ನು ಪೊಲೀಸರು ಎಬ್ಬಿಸಿ ಕಳಿಸಿದರು. ಹೋಗುವ ಮೊದಲು ಸ್ವಲ್ಪ ಹೊತ್ತು ಕಿವಿಗೊಟ್ಟಿದ್ದರಂತೆ. 'ಏನೂ ತಿಳಿಯಲಿಲ್ಲ ಮಗನೇ. ಒಬ್ಬ ಇಂಗ್ಲಿಷಿನಲ್ಲಿ ಬೈಯುತ್ತಿದ್ದ, ಅಷ್ಟೇ ಕೇಳಿಸಿತು' ಎಂದರು. ಬೈಯುತ್ತಿದ್ದವನು ತರಬೇತುದಾರ. ನನಗೂ ಅದೇ ಧ್ವನಿ ಗ್ಯಾಲರಿಗೆ ಕೇಳಿಸುತ್ತಿತ್ತು.

ಅವರ ಮಾತು ಕೇಳಿ ನಾನು ಸ್ವಲ್ಪ ಇಂಗು ತಿಂದ ಮಂಗನಾದೆ. ಗೋಡೆಯಾಚೆಯಿಂದ ಪಂದ್ಯ ಕೇಳುವುದೊಂದು ಅಪರೂಪದ ದುರದೃಷ್ಟ, ಮಹಾಮಾರಿಯ ಕಾಲಕ್ಕೆ ಮಾತ್ರ ಸಲ್ಲುವ ವಿಚಿತ್ರ ಎಂದು ನಾನು ಗೆಳೆಯರಿಗೆಲ್ಲ ವರ್ಣಿಸುತ್ತಿದ್ದೆ. ಅದು ಕಾಕಾನ ಇಪ್ಪತ್ತು ವರ್ಷದ ದಿನಚರಿ. ಅವರಿಗೆ ಗೇಟು ತೆರೆದಿದ್ದಾಗಲೂ ಮುಚ್ಚಿಯೇ ಇತ್ತು.

ಹದಿನೇಳರ ಗಡುವು

ಕಾಕಾನ ಮಗಳು ಶಾಲೆಯ ತಂಡದಲ್ಲಿ ಹಿಂದಿನ ಸಾಲಿನಲ್ಲಿ ಆಡುತ್ತಿದ್ದಳು. ಹುಟ್ಟಿದ್ದು 2004ರಲ್ಲಿ. ಪ್ರಚಂಡ ಪ್ರತಿಭೆ ಎಂದೇನೂ ಹೇಳುವುದಿಲ್ಲ, ನಾನು ನೋಡಿದ ಒಂದೇ ಪಂದ್ಯದಲ್ಲಿ ಅವಳು ಎದುರಾಳಿಯ ಕಾಲಿಗೆ ಒದ್ದದ್ದು ಚೆಂಡಿಗೆ ಒದ್ದದ್ದಕ್ಕಿಂತ ಹೆಚ್ಚು. ಆದರೆ ಓಟ ಚೆನ್ನಾಗಿತ್ತು. ಅವರ ಮೇಷ್ಟರು ಹದಿನೇಳರೊಳಗಿನ ಬಾಲಕಿಯರ ಸುಬ್ರೊತೊ ಕಪ್ ಬಗ್ಗೆ ಆಸೆ ಇಟ್ಟುಕೊಂಡಿದ್ದರು. ತಾಲ್ಲೂಕು, ಜಿಲ್ಲೆ, ರಾಜ್ಯ ಗೆದ್ದರೆ ದೆಹಲಿ. 2020ರಲ್ಲಿ ಆ ಟೂರ್ನಿ ನಡೆಯಲಿಲ್ಲ, 2021ರಲ್ಲೂ ನಡೆಯಲಿಲ್ಲ. 2022ರಲ್ಲಿ ಮತ್ತೆ ಶುರುವಾದಾಗ ಇವಳ ವಯಸ್ಸು ಮೀರಿತ್ತು.

ನಮ್ಮ ಕಸುಬಿನಲ್ಲಿ 'ಲೇಕ್ಯಾನ್' ಎಂಬ ಪದವಿದೆ. ಹಡಗು ಇಂಥ ತಾರೀಕಿನಿಂದ ಇಂಥ ತಾರೀಕಿನೊಳಗೆ ಬಂದರಿಗೆ ಬಂದು ಸರಕು ತುಂಬಲು ತಯಾರಾಗಿ ನಿಲ್ಲಬೇಕು, ಇಲ್ಲವಾದರೆ ಬಾಡಿಗೆದಾರ ಕರಾರನ್ನು ರದ್ದು ಮಾಡಬಹುದು. ಬಿರುಗಾಳಿಯಿಂದ ತಡವಾಯಿತೆಂದು ಹಡಗಿನವನು ಎಷ್ಟು ಗೋಳಾಡಿದರೂ ಆ ಹಕ್ಕು ಬಾಡಿಗೆದಾರನದೇ. ವಯೋಮಿತಿಯ ಕ್ರೀಡೆ ಹೀಗೆಯೇ. 2020ರ ನವೆಂಬರಿನಲ್ಲಿ ಭಾರತದಲ್ಲಿ ಹದಿನೇಳರೊಳಗಿನ ಮಹಿಳೆಯರ ವಿಶ್ವಕಪ್ ನಡೆಯಬೇಕಿತ್ತು. ಮೊದಲು 2021ರ ಫೆಬ್ರುವರಿಗೆ ಮುಂದೂಡಿದರು, ಆಮೇಲೆ ನವೆಂಬರ್ 17ರಂದು ರದ್ದೆಂದರು, ಬದಲಿಗೆ 2022ರ ಆತಿಥ್ಯವನ್ನು ಭಾರತಕ್ಕೇ ಕೊಟ್ಟರು. ಕಾಗದದ ಮೇಲೆ ಭಾರತಕ್ಕೆ ನಷ್ಟವೇನೂ ಇಲ್ಲ, ಒಂದು ಕೈಯಿಂದ ಹೋದದ್ದು ಇನ್ನೊಂದು ಕೈಗೆ ಬಂತು. ಆದರೆ 2003, 2004ರಲ್ಲಿ ಹುಟ್ಟಿದ, ವರ್ಷಗಟ್ಟಲೆ ಶಿಬಿರದಲ್ಲಿ ಬೆವರು ಸುರಿಸಿದ ಹುಡುಗಿಯರ ಜಾಗಕ್ಕೆ 2005ರಲ್ಲಿ ಮತ್ತು ಆಮೇಲೆ ಹುಟ್ಟಿದವರು ಬಂದರು. ದೇಶಕ್ಕೆ ಮುಂದೂಡಿಕೆ, ಹುಡುಗಿಯರಿಗೆ ರದ್ದು.

ಆ ಸುದ್ದಿ ಬಂದ ಮೂರು ದಿನಕ್ಕೆ ಬಾಂಬೋಳಿಯಲ್ಲಿ ಐಎಸ್‌ಎಲ್ ಶುರುವಾಯಿತು, ಹತ್ತು ದಿನಕ್ಕೆ ನಮ್ಮ ಕಿಟಕಿಯಲ್ಲಿ ಕೊಲ್ಕತ್ತಾದ ಆ ಎರಡು ತಂಡಗಳ ಡರ್ಬಿ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ಪೂರ್ತಿ ನ್ಯಾಯವಲ್ಲ. ವಿಶ್ವಕಪ್ಪಿಗೆ ಹದಿನಾರು ದೇಶಗಳಿಂದ ಮಕ್ಕಳು ಬರಬೇಕು, ಎಷ್ಟೋ ಖಂಡಗಳಲ್ಲಿ ಅರ್ಹತಾ ಸುತ್ತುಗಳೇ ಮುಗಿದಿರಲಿಲ್ಲ. ಇದೆಲ್ಲ ಗೊತ್ತಿದ್ದೂ ಆ ಹತ್ತು ದಿನಗಳು ನನಗೆ ಚುಚ್ಚುತ್ತವೆ. ಆಟಗಾರರನ್ನು ಹೊರಗಿನವರಿಂದ ದೂರವಿಡುವ ಬಯೋ ಬಬಲ್ ಎಂಬ ಗುಳ್ಳೆಯನ್ನು ಊದುವುದು ನಮಗೆ ಬರುತ್ತಿತ್ತು. ಯಾರಿಗಾಗಿ ಊದುವುದು ಎಂಬುದಷ್ಟೇ ಪ್ರಶ್ನೆಯಾಗಿತ್ತು. (ಗೋವಾದವರಿಗೆ ಮುಂದೂಡಿಕೆ ಹೊಸದಲ್ಲ ಬಿಡಿ. 2020ರ ಅಕ್ಟೋಬರಿನಲ್ಲಿ ಇಲ್ಲಿ ನಡೆಯಬೇಕಿದ್ದ ರಾಷ್ಟ್ರೀಯ ಕ್ರೀಡಾಕೂಟ ಅದಕ್ಕೂ ಮೊದಲೇ ಹಲವು ಸಲ ಮುಂದಕ್ಕೆ ಹೋಗಿ, ಕೊನೆಗೊಮ್ಮೆ ಯಾರೂ ಪ್ರಶ್ನಿಸಲಾಗದ ಕಾರಣ ಸಿಕ್ಕಿ ಮತ್ತೆ ಮುಂದಕ್ಕೆ ಹೋಗಿ, 36ನೆಯದು ಗುಜರಾತಿನ ಪಾಲಾಗಿ, ನಮಗೆ 37ನೆಯದು ಸಿಕ್ಕಿದ್ದು 2023ರಲ್ಲಿ.)

2022ರ ಆರಂಭದಲ್ಲಿ ಆ ಹುಡುಗಿ ಸಿಕ್ಕಾಗ ಅವಳ ಪರವಾಗಿ ಮರುಗಲು ನಾನು ತಯಾರಾಗಿಯೇ ಇದ್ದೆ. ಎಷ್ಟೆಂದರೆ ಮಾತನ್ನೂ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡಿದ್ದೆ. 'ಸುಬ್ರೊತೊ ಕಪ್ ತಪ್ಪಿತಲ್ಲ, ಬೇಸರವಿಲ್ಲವೇ?' ಎಂದು ಕೇಳಿದೆ. ಅವಳು ಆಗ ಸ್ವತಂತ್ರ ಪಥದ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಳು. 'ಅಂಕಲ್, ಆ ಬೂಟು ನನ್ನ ಕಾಲಿಗೆ ಬಿಗಿಯಾಗಿತ್ತು. ಶಾಲೆಯದು, ಮೂರು ಮಂದಿ ಹಾಕಿ ಬಿಟ್ಟದ್ದು. ಅದನ್ನು ವಾಪಸು ಕೊಡಲಿಲ್ಲವೆಂದು ಮೇಷ್ಟರು ಇನ್ನೂ ಫೋನು ಮಾಡುತ್ತಾರೆ' ಎಂದು ನಕ್ಕಳು. ಬೂಟು ಎಲ್ಲಿದೆ ಎಂದೆ. ಕಪಾಟಿನ ಮೇಲಿದೆಯಂತೆ. ಯಾಕೆ ಕೊಡಲಿಲ್ಲ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ.

ನಾಲ್ಕು ಸಲ

2022ರ ಮಾರ್ಚ್ 20ರಂದು ಫತೋರ್ಡಾದ ಗೇಟು ತೆರೆಯಿತು. ಹೈದರಾಬಾದ್ ಮತ್ತು ಕೇರಳ ಬ್ಲಾಸ್ಟರ್ಸ್ ನಡುವಿನ ಫೈನಲ್. ಕೇರಳದಿಂದ ರೈಲು, ಬಸ್ಸು, ಬೈಕು ಹತ್ತಿ ಬಂದ ಹಳದಿ ಅಂಗಿಯವರಿಂದ ಮಡಗಾಂವ್ ಬಾಡಿದ ಚೆಂಡುಹೂವಿನ ಸಂತೆಯಂತಾಗಿತ್ತು. ತಮಾಷೆಯೆಂದರೆ ಹೈದರಾಬಾದ್ ತಂಡದ ಅಂಗಿಯೂ ಹಳದಿಯೇ. ಅಂಕಪಟ್ಟಿಯಲ್ಲಿ ಮೇಲಿದ್ದದ್ದರಿಂದ ಆ ಬಣ್ಣ ಅವರಿಗೇ ಹೋಯಿತು, ಕೇರಳದ ಆಟಗಾರರು ಕಪ್ಪು ಅಂಗಿಯಲ್ಲಿ ಇಳಿದರು. ನನ್ನ ಹತ್ತಿರ ಟಿಕೆಟ್ ಇತ್ತು, ಎರಡು ವರ್ಷದ ಬಾಕಿ ಎಂದುಕೊಂಡು ಒಬ್ಬನೇ ಹೋದೆ. ಕಾಕಾ ಗೇಟಿನ ಹೊರಗೆ ತಮ್ಮ ಜಾಗದಲ್ಲಿದ್ದರು, ಪಕ್ಕದಲ್ಲಿ ಪೊಟ್ಟಣ ಸುತ್ತುತ್ತಾ ಮಗಳು.

ಒಳಗೆ ಕೂತು ಆ ಸದ್ದನ್ನು ಕೇಳಿದಾಗ ಮೈ ಜುಮ್ಮೆಂದಿತು ಎಂದು ಬರೆಯಬಹುದು. ನಿಜ ಹೇಳಬೇಕೆಂದರೆ ತಲೆ ನೋವು ಬಂತು. ಎರಡು ವರ್ಷ ಸಣ್ಣ ಸದ್ದಿಗೆ ಒಗ್ಗಿದ ಕಿವಿ. ಪಂದ್ಯ 1-1ರಲ್ಲಿ ನಿಂತು ಪೆನಾಲ್ಟಿಗೆ ಹೋಯಿತು. ಹೈದರಾಬಾದಿನ ಗೋಲಿನಲ್ಲಿ ಲಕ್ಷ್ಮೀಕಾಂತ್ ಕಟ್ಟಿಮನಿ, ಗೋವಾದವನೇ. ಆ ಅಡ್ಡಹೆಸರು ಕಿವಿಗೆ ಬಿದ್ದ ಕೂಡಲೇ ನಮ್ಮಂಥವರು ಊರು ಯಾವುದೆಂದು ಕೇಳದೆ ಇರುವುದಿಲ್ಲ. 2015ರ ಫೈನಲ್‌ನಲ್ಲಿ ಇದೇ ಅಂಕಣದಲ್ಲಿ ಗೋವಾ ತಂಡದ ಗೋಲು ಕಾಯುತ್ತಾ, ಇನ್ನೇನು ಗೆದ್ದೆವು ಎನ್ನುವಾಗ ಚೆಂಡನ್ನು ತಾನೇ ಬಲೆಯೊಳಗೆ ಬಿಟ್ಟುಕೊಂಡು ಊರಿಗೆಲ್ಲ ಕಣ್ಣೀರು ಹಾಕಿಸಿದವನು. ಅವತ್ತು ಅವನು ಕೇರಳದ ಮೂವರ ಹೊಡೆತಗಳನ್ನು ತಡೆದ. ಹೈದರಾಬಾದ್ 3-1ರಿಂದ ಕಪ್ ಎತ್ತಿತು.

ಹೊರಗೆ ಬಂದಾಗ ಹಳದಿ ಜನ ತಲೆತಗ್ಗಿಸಿ ಹೋಗುತ್ತಿದ್ದರು. ಕಾಕಾ ಎರಡನೆಯ ಸುತ್ತು ಹುರಿದಿರಲಿಲ್ಲ.

'ಕೇರಳದವರು ಸೋತರು' ಎಂದೆ.

'ಗೊತ್ತಾಯಿತು. ಏರುತ್ತಾ ಬಂದ ಕೂಗು ಕತ್ತರಿಸಿದ ಹಾಗೆ ನಿಂತಿತು. ನಾಲ್ಕು ಸಲ.'

'ಮೂರು ಸಲ ಕಾಕಾ. ಮೂರು ತಡೆದ.'

'ನಾಲ್ಕು' ಎಂದರು, ಬೆರಳು ಮಡಿಸಿ ತೋರಿಸುತ್ತಾ. ಮಗಳೂ ತಲೆಯಾಡಿಸಿದಳು.

ವಾದಿಸಲು ಬಾಯಿ ತೆರೆದವನಿಗೆ ನೆನಪಾಯಿತು. ನಿಶು ಕುಮಾರನ ಹೊಡೆತವನ್ನು ಕಟ್ಟಿಮನಿ ತಡೆದಾಗ, ಗೆರೆ ಬಿಟ್ಟು ಮುಂದೆ ಬಂದನೆಂದು ರೆಫರಿ ಮತ್ತೆ ಹೊಡೆಸಿದ್ದ. ಅದನ್ನೂ ಅವನು ತಡೆದಿದ್ದ.

'ಹೌದು, ನಾಲ್ಕು' ಎಂದೆ.

'ಯಾರು ತಡೆದವನು?'

'ಕಟ್ಟಿಮನಿ ಅಂತ.'

'ನಮ್ಮ ಕಡೆಯವನೇ?'

'ಗೊತ್ತಿಲ್ಲ ಕಾಕಾ.'

ಕಾಕಾ ನನ್ನ ಪೊಟ್ಟಣಕ್ಕೆ ಇನ್ನೊಂದು ಹಿಡಿ ಕೊಸರು ಹಾಕಿ, ಮಡಕೆಯ ಕೆಂಡ ಆರಿಸಿ, ಕೊನೆಯ ಬಸ್ಸಿಗೆ ಬುಟ್ಟಿ ಎತ್ತಲು ಮಗಳನ್ನು ಕರೆದರು.